ನಿಂತು ಕೇಳುವುದೋ, ಕುಳಿತು ಕೇಳುವುದೋ

ನಮ್ಮ ಮನೆಯಲ್ಲಿ ಅಧಿಕಾರಿಗಳ ಬಳಿ ಏನನ್ನಾದರೂ ಕೇಳುವ ಕ್ರಮ ಒಂದೇ ಆಗಿತ್ತು. ಹುಬ್ಬಳ್ಳಿಯಿಂದ ವರ್ಗವಾಗಿ ಅಹಮದಾಬಾದಿಗೆ ಬಂದಿದ್ದ ರೈಲ್ವೆ ಫಿಟ್ಟರ್ ನನ್ನ ಅಪ್ಪ. ಅಂಗಿಯ ಕೊರಳಿನ ಗುಂಡಿಯನ್ನೂ ಹಾಕಿಕೊಂಡು ಹೋಗಿ, ಬಾಗಿಲ ಬಳಿ ನಿಂತು, ಕೇಳಿ, ಹಿಂತಿರುಗುತ್ತಿದ್ದರು. ಅಲ್ಲಿನ ಮಣಿನಗರ ಬಡಾವಣೆಯಲ್ಲಿ ಬೆಳೆದ ನನಗೆ ಬೇರೊಂದು ಕ್ರಮವೂ ಇರಬಹುದೆಂದು ತೋಚಿರಲಿಲ್ಲ. ಆದ್ದರಿಂದ ತೊಂಬತ್ತರ ದಶಕದ ನಡುವಿನಲ್ಲಿ, ಫಿಸಿಯೊಥೆರಪಿಸ್ಟರ ಸಂಘದ ಸಭೆಯಲ್ಲಿ ‘ನಮ್ಮ ವೃತ್ತಿಯ ಪರವಾಗಿ ನಾವೇ ಮಾತನಾಡಬೇಕು’ ಎಂಬ ಮಾತು ಬಂದಾಗ ನನ್ನಲ್ಲಿ ಹುಟ್ಟಿದ್ದು ಉತ್ಸಾಹಕ್ಕಿಂತ ಹೆಚ್ಚಾಗಿ ಕುತೂಹಲ. ಮಾತನಾಡುವುದೆಂದರೆ ಯಾರೊಡನೆ? ಮೊದಲ ವಾಕ್ಯ ಯಾವುದು?

ಕುತೂಹಲಕ್ಕೆ ಕಾರಣವೂ ಇತ್ತು. ವಡೋದರಾದಲ್ಲಿ ಪದವಿ ಮುಗಿಸಿ ನಾನು ಸೂರತ್ತಿನ ಒಂದು ಸಾರ್ವಜನಿಕ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದೆ. ನೆಲಮಹಡಿಯಲ್ಲಿದ್ದ ನಮ್ಮ ಕೋಣೆಯನ್ನು ಔಷಧಿ ದಾಸ್ತಾನಿಗೆ ಕೊಟ್ಟು, ನಮ್ಮನ್ನು ಮೂರನೆಯ ಮಹಡಿಗೆ ಕಳುಹಿಸುವ ಮಾತು ನಡೆದಿತ್ತು. ಆ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಪಾರ್ಶ್ವವಾಯು ಬಡಿದವರು, ಸೊಂಟ ಮುರಿದು ಕೂಡಿಕೊಂಡವರು ಅಷ್ಟು ಮೆಟ್ಟಿಲು ಹತ್ತಿ ನಡೆಯಲು ಕಲಿಯಬೇಕಿತ್ತು. ತೀರ್ಮಾನ ಆಸ್ಪತ್ರೆ ಸಮಿತಿಯ ಅಧ್ಯಕ್ಷೆಯ ಕೈಯಲ್ಲಿತ್ತು. ಸಂಘದ ಕಾರ್ಯದರ್ಶಿಯಾಗಿದ್ದವರು ವಡೋದರಾದಲ್ಲಿ ನನಗೆ ಪಾಠ ಹೇಳಿದ್ದ ಮೇಡಂ. “ಕೋಣೆ ನಿನ್ನದು, ಮಾತೂ ನಿನ್ನದೇ. ನಾನು ಪಕ್ಕದಲ್ಲಿರುತ್ತೇನೆ” ಎಂದರು.

ರಜೆಗೆ ಮಣಿನಗರಕ್ಕೆ ಬಂದಿದ್ದ ನಾನು ಅಧ್ಯಕ್ಷೆಯನ್ನು ಕಾಣಲು ಸೂರತ್ತಿಗೆ ಹೊರಡುವ ಮುನ್ನ, ಊಟಕ್ಕೆ ಕುಳಿತಿದ್ದ ಅಪ್ಪ ಕೇಳಿದರು: “ನಿಂತು ಕೇಳ್ತಿ ಏನವ್ವ, ಕುಂತು ಕೇಳ್ತಿ?”

“ಯಾಕಪ್ಪಾ?”

“ಸುಮ್ನ ಕೇಳಿದೆ. ನಾ ಒಮ್ಮೆನೂ ಕುಂತಿಲ್ಲ. ಹೆಂಗಿರ್ತದ ನೋಡಿಕೊಂಡು ಬಂದು ಹೇಳು.”

ರೈಲಿನಲ್ಲಿ ನಾನು ಗುಜರಾತಿ ಭಾಷಣವನ್ನು ಬಾಯಿಪಾಠ ಮಾಡಿದೆ. ‘ಫಿಸಿಯೊಥೆರಪಿಯು ಒಂದು ಸ್ವತಂತ್ರ ಶಾಸ್ತ್ರ’ ಎಂಬಲ್ಲಿಂದ ಅದು ಆರಂಭವಾಗುತ್ತಿತ್ತು. ಎಲ್ಲಿಯೂ ತಪ್ಪಿರಬಾರದೆಂದು ವಡೋದರಾದಲ್ಲಿ ರೈಲು ಹತ್ತಿದ ಮೇಡಂ ಅವರಿಗೆ ಪ್ರತಿ ಪದವನ್ನೂ ಒಪ್ಪಿಸಿದೆ.

ಅಧ್ಯಕ್ಷೆ ತಮ್ಮ ಮನೆಯ ನಡುಮನೆಯಲ್ಲಿ ತೂಗುಯ್ಯಾಲೆಯ ಮೇಲೆ ಕುಳಿತಿದ್ದರು. ಮೊದಲು ನೀರು ಬಂತು, ಆಮೇಲೆ ಚಹಾ ಬಂತು, ಆಮೇಲೆ ನನ್ನ ಊರು, ಅಪ್ಪನ ಕೆಲಸ, ಮದುವೆ. ಕುರ್ಚಿಯ ತುದಿಯಲ್ಲಿ ಕುಳಿತ ನಾನು ‘ಸ್ವತಂತ್ರ ಶಾಸ್ತ್ರ’ವನ್ನು ಎಲ್ಲಿ ತೂರಿಸಲಿ ಎಂದು ಕಾಯುತ್ತಲೇ ಇದ್ದೆ. ಕೊನೆಗೆ ಬಾಯಿ ತೆರೆದೆ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅಧ್ಯಕ್ಷೆ ಉಯ್ಯಾಲೆಯಿಂದ ಇಳಿಯಲು ಬಲಗಾಲೂರಿದರು, ನೋವಿಗೆ ಮುಖ ಕಿವುಚಿ ಮತ್ತೆ ಕುಳಿತುಬಿಟ್ಟರು.

ನನ್ನ ವೃತ್ತಿಯವರು ಮಾತ್ರ ಮಾಡಬಹುದಾದ ತಪ್ಪನ್ನು ನಾನು ಮಾಡಿದ್ದು ಆಗಲೇ. ಯೋಚಿಸುವ ಮೊದಲೇ ನಾನು ನೆಲದ ಮೇಲೆ ಕುಳಿತು ಅವರ ಮಂಡಿಯನ್ನು ಹಿಡಿದಿದ್ದೆ. ಮಂಡಿಚಿಪ್ಪು ಎತ್ತ ಸರಿಯುತ್ತಿದೆ, ತೊಡೆಯ ಸ್ನಾಯು ಎಷ್ಟು ಸೊರಗಿದೆ ಎಂದು ನೋಡುತ್ತ, ಒತ್ತುತ್ತ, ಮಡಿಸುತ್ತ ಭಾಷಣವನ್ನು ಪೂರ್ತಿ ಮರೆತೆ. ಸ್ವಲ್ಪ ಹೊತ್ತಿನ ನಂತರ ಅವರು ಎದ್ದು ನಿಂತು ನಾಲ್ಕು ಹೆಜ್ಜೆ ನಡೆದು ನೋಡಿದರು.

“ಅರೆ, ಎಂಥ ಮಾಲೀಶು ಬೇಟಾ! ನಮ್ಮ ಮಾಲೀಶಿನವಳು ಬರೀ ಎಣ್ಣೆ ಸುರೀತಾಳೆ. ನೀನು ದಿನಾ ಸಂಜೆ ಬಾ.” ಅನಂತರ, ಸಮಾಧಾನಪಡಿಸುವ ದನಿಯಲ್ಲಿ: “ಕೋಣೆ ಮೇಲಿದ್ದರೇನು, ಕೆಳಗಿದ್ದರೇನು? ವಿದ್ಯೆ ನಿನ್ನ ಕೈಯಲ್ಲಿದೆ. ಕೈ ನಿನ್ನ ಜೊತೆಗೇ ಬರುತ್ತಲ್ಲ?”

ಹೊಗಳಿಕೆಯಿಂದಲೇ ಕೋಣೆ ಕೈತಪ್ಪಬಹುದೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಮೇಡಂ ನಗುತ್ತಲೇ, ಅಲ್ಲಿನ ರೂಢಿಯಂತೆ ಅವರನ್ನು ‘ಬೆನ್’, ಅಂದರೆ ಅಕ್ಕ, ಎಂದು ಕರೆದು ಹೇಳಿದರು: “ಬೆನ್, ಇವಳು ಮನೆಗೆ ಬರುವುದಿಲ್ಲ. ನೀವೇ ಆಸ್ಪತ್ರೆಗೆ ಬನ್ನಿ. ಈ ಮಂಡಿಗೆ ಬೇಕಾದ್ದು ಎಣ್ಣೆಯಲ್ಲ, ವ್ಯಾಯಾಮ. ಅದನ್ನು ಕಲಿಸುವ ಸಾಮಾನೆಲ್ಲ ಅಲ್ಲಿದೆ.”

“ನನ್ನನ್ನೇ ಸಾಲಿನಲ್ಲಿ ಕೂರಿಸ್ತೀರಾ?”

“ಬೆಂಚು ಚೆನ್ನಾಗಿದೆ, ಬೆನ್.”

ಹೊರಗೆ ಬಂದ ಮೇಲೆ ಮೇಡಂ ನನಗೆ ಹೇಳಿದ್ದು ಇಷ್ಟೇ: “ನಿನ್ನ ಬಾಯಿಗಿಂತ ಮೊದಲು ಕೈ ಓಡುತ್ತದೆ. ಓಡಲಿ, ಆದರೆ ನಮ್ಮ ಕೋಣೆಯೊಳಗೆ ಓಡಲಿ.”

ಅಧ್ಯಕ್ಷೆ ಆ ವಾರದಲ್ಲೇ ಬಂದರು. ಬೆಂಚಿನ ಮೇಲೆ, ಎಡಗೈ, ಎಡಗಾಲು ಸ್ವಾಧೀನವಿಲ್ಲದ ಜರಿ ಕೆಲಸದ ಹೆಂಗಸೊಬ್ಬಳ ಪಕ್ಕದಲ್ಲಿ ಕುಳಿತು, ಆಕೆಯ ಮಕ್ಕಳ ಲೆಕ್ಕವನ್ನೆಲ್ಲ ವಿಚಾರಿಸಿದರು. ಆಕೆ ನಡಿಗೆ ಕಲಿಸುವ ಸಮಾನಾಂತರ ಕಂಬಿಗಳ ನಡುವೆ ಕಾಲೆಳೆಯುತ್ತ ಹೋಗಿ ಬರುವುದನ್ನು ನೋಡಿದರು. ಬಳಿಕ ತಾವಾಗಿಯೇ “ನಿಮ್ಮನ್ನು ಕಳಿಸೋ ಜಾಗ ಎಲ್ಲಿದೆ, ತೋರಿಸು” ಎಂದರು.

ಹತ್ತುವಾಗ ಅವರು ತಿರುವಿಗೊಮ್ಮೆ ನಿಂತರು. ಮೇಲಿನ ಕೋಣೆಗೆ ಗಾಳಿ ಬೆಳಕು ಧಾರಾಳವಾಗಿತ್ತು, ಅದನ್ನು ಮೆಚ್ಚಿದರು ಕೂಡ. ನಮ್ಮ ಕೋಣೆ ಇಲ್ಲಿಗೇ ಬಂದಂತೆ ಎಂದುಕೊಂಡೆ. ಇಳಿಯಲು ತಿರುಗಿದಾಗ ಮಾತ್ರ ಅವರು ಮೊದಲ ಮೆಟ್ಟಿಲಲ್ಲೇ ಕಂಬಿ ಹಿಡಿದು ನಿಂತುಬಿಟ್ಟರು. ಸೋತ ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ.

“ಯಾವ ಕಾಲು ಮೊದಲು ಬೇಟಾ?”

“ನೋವಿರುವ ಕಾಲು ಮೊದಲು ಕೆಳಕ್ಕೆ, ಬೆನ್. ಭಾರ ಒಳ್ಳೆಯ ಕಾಲಿನ ಮೇಲಿರಲಿ.” ಒಂದು ಮೆಟ್ಟಿಲು ಕೆಳಗೆ, ಅವರೆದುರು ನಿಂತು ನಾನು ಹೇಳುತ್ತಿದ್ದೆ. ಮುಂದಿನ ಮಾತು ಎಲ್ಲಿಂದ ಬಂತೋ ತಿಳಿಯದು. “ಇದಿಷ್ಟನ್ನು ಕಲಿಯಲು ಕೆಳಗಿರುವ ಆಕೆಗೆ ಬಹಳ ದಿನ ಬೇಕು. ಕಲಿತ ಮೇಲೆ ಮೂರನೆಯ ಮಹಡಿಗೂ ಬಂದಾಳು. ಕಲಿಯುವುದಕ್ಕೆ ಎಲ್ಲಿಗೆ ಬರಬೇಕು?”

ಅವರು ನನ್ನ ಭುಜದ ಮೇಲೆ ಕೈಯಿಟ್ಟು, ಬಲಗಾಲು ಮೊದಲು ಮಾಡಿ, ಒಂದೊಂದೇ ಮೆಟ್ಟಿಲು ಇಳಿದರು.

ದಾಸ್ತಾನು ಮೇಲಕ್ಕೆ ಹೋಯಿತು. ಔಷಧಿ ಪೆಟ್ಟಿಗೆಗಳನ್ನು ಹೊರಲು ಆಳುಗಳಿದ್ದರು. ಕೋಣೆ ನಮ್ಮಲ್ಲೇ ಉಳಿಯಿತು. ಅಧ್ಯಕ್ಷೆ ಮಾತ್ರ ಕೊನೆಯವರೆಗೂ ಅದನ್ನು ‘ಮಾಲೀಶ್ ಕೋಣೆ’ ಎಂದೇ ಕರೆದರು. ಪ್ರತಿ ಬಾರಿ ತಿದ್ದಿದೆ, ಪ್ರತಿ ಬಾರಿಯೂ ಅವರು ತಲೆಯಾಡಿಸಿದರು. ಸಂಘದ ಮುಂದಿನ ಸಭೆಯಲ್ಲಿ ಮೇಡಂ, ತೀರ್ಮಾನ ಮಾಡುವವರನ್ನು ಇನ್ನು ಮೇಲೆ ಅವರ ಮನೆಯಲ್ಲಿ ಕಾಣುವ ಬದಲು ನಮ್ಮ ಬೆಂಚಿಗೇ ಕರೆಯೋಣ ಎಂದರು. ಯಾರೂ ಅಡ್ಡಿ ಹೇಳಲಿಲ್ಲ.

ಮಣಿನಗರಕ್ಕೆ ಹೋದಾಗ ಅಪ್ಪ ತಮ್ಮ ಪ್ರಶ್ನೆಯನ್ನು ಮರೆತಿರಲಿಲ್ಲ.

“ಕುಂತು ಕೇಳಿದ್ಯೇನವ್ವ?”

“ಕುಂತಾಗ ಕೇಳಾಕ ಆಗಲಿಲ್ಲಪ್ಪ. ಮೆಟ್ಟಲ ಇಳಿಸ್ತಾ ಇಳಿಸ್ತಾ ಕೇಳಿದೆ.”

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. “ಅಂದ್ರ, ಅವರೂ ನಿಂತಿದ್ರು?”

“ಹೌದು. ಅವರೂ ನಿಂತಿದ್ರು.”