ಬೆಳಕಿಗೆ ಲಗಾಮು ಹಾಕುವ ಮರ್ದಾನಸಾಬ
ಲಕ್ಷ್ಮೇಶ್ವರದ ಟಾಕೀಜಿನಲ್ಲಿ ಪ್ರೊಜೆಕ್ಟರ್ ನಡೆಸುವ ಮರ್ದಾನಸಾಬನಿಗೆ ಜಗತ್ತಿನ ಬೆಳಕೆಲ್ಲ ಒಂದು ಗುಲಗಂಜಿ ಹೆಚ್ಚೇ. ಮದುವೆಗೆ ಹೋದರೆ ಮೊದಲು ಪೆಟ್ರೊಮ್ಯಾಕ್ಸನ್ನು ಮದುಮಗಳಿಂದ ಎರಡು ಮಾರು ದೂರ ಇಡಿಸುತ್ತಾನೆ. ಮುಖ ಸುಟ್ಟೀತೆಂಬ ಭಯ. ಪರದೆ ಮಬ್ಬೆಂದು ಜನ ಸೀಟಿ ಹೊಡೆದಾಗ ಮಾಲೀಕ ದೇವೇಂದ್ರಪ್ಪ ಮೆಟ್ಟಿಲು ಹತ್ತಿ ಬಂದು, "ಇನ್ನ ಚೂರ ಬೆಳಕ ಹೆಚ್ಚ ಬಿಡೋ" ಎಂದರೆ, "ಕಾರ್ಬನ್ ಕಡ್ಡಿ ಉರಿ ಜಾಸ್ತಿ ಆದ್ರ ರೀಲ ಸುಡತೈತ್ರಿ ಸಾವಕಾರ್ರ, ನೀವು ಕೆಳಗ ಹೋಗಿ ಕುಂಡ್ರಿ" ಎಂದು ಕಳಿಸುತ್ತಾನೆ. ಹದಿನೆಂಟು ವರ್ಷಗಳಲ್ಲಿ ಒಂದು ರೀಲೂ ಸುಟ್ಟಿಲ್ಲ. ಅವನ ಹೆಂಡತಿ ಮೋತಿಬಿ ಪ್ರತಿ ಆಟಕ್ಕೂ ಬಂದು ಹೆಂಗಸರ ಸಾಲಿನಲ್ಲಿ ಕೂರುತ್ತಾಳೆ. ಚಿತ್ರ ಮಸುಕಾದಾಗಲೇ ಅವಳಿಗೆ ಕೆಮ್ಮು ಬರುತ್ತದೆ. ಕೆಮ್ಮು ಕೇಳಿದೊಡನೆ ಮರ್ದಾನಸಾಬ ಲೆನ್ಸ್ ತಿರುಗಿಸುತ್ತಾನೆ, ಅದು ನಿಂತೊಡನೆ ಕೈಬಿಡುತ್ತಾನೆ. ಪ್ರೊಜೆಕ್ಟರಿಗೆ ಬೆಳಕು ಕೊಡುವ ಆ ಕಡ್ಡಿಯ ಉರಿಯನ್ನು ಬರಿಗಣ್ಣಿನಲ್ಲಿ ನೋಡೀ ನೋಡೀ, ಪರದೆಯ ಮೇಲಿನ ಮುಖಗಳು ಅವನಿಗೀಗ ಕಾಣುವುದಿಲ್ಲ.