ಗೋದಲೀವಳ ಅಂಗಡಿಗೆ ನೋಟರಿ ಸಾಹೇಬರು ಬಂದದ್ದು

ಕಾಸ್ಪರ್ ಇನ್ನೂ ನಕ್ಕಿರಲಿಲ್ಲ. ಐದು ತಿಂಗಳು ತುಂಬಿದ ಮಗು ತುಟಿ ಅರಳಿಸುತ್ತಿತ್ತು, ಕಣ್ಣು ಮಿನುಗಿಸುತ್ತಿತ್ತು. ಆದರೆ ಗಂಟಲಿನಿಂದ ಕಿಲಕಿಲ ಅನ್ನುವ ಸದ್ದು, ಅದೊಂದು ಮಾತ್ರ ಬಂದಿರಲಿಲ್ಲ. ನಾಲ್ಕು ತಿಂಗಳಿಗೆಲ್ಲ ನಗಬೇಕು ಎಂದು ಮಗು ಸಾಕುವ ಪುಸ್ತಕದಲ್ಲಿತ್ತು. ವೇರ್ಲೆ ಆ ಪುಟವನ್ನು ಎಷ್ಟು ಸಲ ಓದಿದ್ದಳೆಂದರೆ, ಈಗ ಪುಸ್ತಕ ತೆರೆದರೆ ತಾನಾಗಿ ಅದೇ ಪುಟ ಬಿಚ್ಚಿಕೊಳ್ಳುತ್ತಿತ್ತು.

"ನಮ್ಮಪ್ಪ ಮೊದಲ್ನೇ ಸಲ ನಕ್ಕಿದ್ದು ಅವನ ಮದುವೆ ದಿನವಂತೆ," ಎಂದು ಗಂಡ ಬ್ರಾಮ್ ಸಮಾಧಾನ ಹೇಳಿದ್ದ. ಅವನಿಗೆ ಎಲ್ಲವೂ ತಮಾಷೆ. ವೇರ್ಲೆಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮಗುವಿಗೆ ಕಿವಿ ಕೇಳಿಸುತ್ತಿಲ್ಲವೇನೋ, ತನ್ನ ಹಾಲಿನಲ್ಲೇ ಏನಾದರೂ ಕೊರತೆಯೇನೋ ಎಂದು ಒಂದರ ಹಿಂದೊಂದು ಯೋಚನೆ ಬರುತ್ತಿತ್ತು.

ಆಂಟ್ವರ್ಪಿನ ಔಷಧದಂಗಡಿಯಲ್ಲಿ ಕೆಲಸ ಮಾಡುವ ಅವಳ ತಾಯಿ ಹಿಲ್ದ ದಿನಾ ಸಂಜೆ ಫೋನ್ ಮಾಡುತ್ತಿದ್ದರು. ಹೇಗಿದ್ದೀಯ ಇಲ್ಲ, ಊಟವಾಯಿತಾ ಇಲ್ಲ. ಎತ್ತಿದ ಕೂಡಲೇ "ನಕ್ಕನಾ?" ಇಲ್ಲ ಎಂದರೆ ಆ ಕಡೆ ಒಂದು ನಿಟ್ಟುಸಿರು, ಆಮೇಲೆ "ನೀನು ಮೂರು ತಿಂಗಳಿಗೇ ಬೀದಿಗೆಲ್ಲ ಕೇಳೋ ಹಾಗೆ ನಗ್ತಿದ್ದೆ." ಒಂದು ವಾರದಿಂದ ವೇರ್ಲೆ ಫೋನ್ ಎತ್ತುವುದನ್ನೇ ಬಿಟ್ಟಿದ್ದಳು. 'ಮಗು ಮಲಗಿದೆ, ಆಮೇಲೆ ಮಾಡ್ತೀನಿ' ಎಂದು ಸಂದೇಶ ಹಾಕುವಳು. ಆ ಆಮೇಲೆ ಇನ್ನೂ ಬಂದಿರಲಿಲ್ಲ.

ಆ ಶನಿವಾರ ಮಧ್ಯಾಹ್ನ ಅವಳು ತಳ್ಳುಗಾಡಿ ಹಿಡಿದು ಗೋದಲೀವಳ ಅಂಗಡಿಗೆ ಹೊರಟದ್ದು ಮರುದಿನ ಬ್ರಾಮ್‌ನ ಹುಟ್ಟುಹಬ್ಬವಿತ್ತೆಂದು. ಅವನಿಗೆ ಈ ಕಡೆಯ ಹುಳಿ ಬಿಯರು, ಗೂಜ್, ಅಂದರೆ ಪ್ರಾಣ. ಸೂಪರ್ ಮಾರ್ಕೆಟ್ಟಿನಿಂದ ತಂದರೆ "ಇದು ನಿಂಬೆ ಪಾನಕ" ಎನ್ನುತ್ತಿದ್ದ. ಅಸಲಿ ಬೇಕೆಂದರೆ ಊರಿನಲ್ಲಿ ಇದ್ದದ್ದು ಒಂದೇ ಜಾಗ. ಮುಂಭಾಗ ಬಾಟಲಿ ಅಂಗಡಿ, ಹಿಂಭಾಗ ಪಡಖಾನೆ. ಕಪಾಟಿನಿಂದ ಯಾವ ಬಾಟಲಿ ಎತ್ತಿಕೊಂಡರೂ ಸರಿ, ಮನೆಗಾದರೂ ಒಯ್ಯಿ, ಅಲ್ಲೇ ಕೂತು ಬೇಕಾದರೂ ಕುಡಿ. ಹೆರಿಗೆಯಾದ ಮೇಲೆ ವೇರ್ಲೆ ಆ ಕಡೆ ಸುಳಿದಿರಲಿಲ್ಲ. ಮಗುವಿಗೆ ಗದ್ದಲ ಆಗುತ್ತದೆ, ವಾಸನೆ ಆಗುತ್ತದೆ, ಯಾರಾದರೂ ಹತ್ತಿರ ಬಂದು ಕೆಮ್ಮುತ್ತಾರೆ. ಬೇಗ ಒಂದು ಬಾಟಲಿ ತಗೊಂಡು ಬಂದುಬಿಡುವುದು ಎಂದು ಮನಸ್ಸಿನಲ್ಲೇ ಹೇಳಿಕೊಂಡು ಬಾಗಿಲು ನೂಕಿದಳು.

ಒಳಗೆ ತಂಪು. ಒದ್ದೆ ಮರದ, ಹಸಿ ಸೇಬಿನ ವಾಸನೆ. ಗೋದಲೀವ ಹಿಂದುಗಡೆ ಮೇಜಿನ ಮೇಲೆ ಮೂಲಂಗಿ ಹೆಚ್ಚುತ್ತಿದ್ದಳು. ಅರವತ್ತು ದಾಟಿದ, ಅಗಲ ಭುಜದ ಹೆಂಗಸು. ಗಂಡ ಸತ್ತ ಮೇಲೆ ಅಂಗಡಿಯನ್ನು ಒಬ್ಬಳೇ ನಡೆಸುತ್ತಿದ್ದಳು, ಊರಿನವರೆಲ್ಲರ ಬಾಯಲ್ಲಿ 'ತಾಂತೆ ಗೋದಲೀವ', ಅಂದರೆ ಚಿಕ್ಕಮ್ಮ. ಅವಳ ಎದುರು ಇಬ್ಬರು ಖಾಯಂ ಗಿರಾಕಿಗಳು: ರೇಸಿನ ಪಾರಿವಾಳ ಸಾಕುವ ನೆಸ್ತೊರ್, ಮನೆಮನೆಗೆ ಅಂಚೆ ಕಾಗದ ಹಂಚಿ ಹಂಚಿ ನಿವೃತ್ತಳಾದ ಮರಿಯೆತ್.

"ಓಹೋ! ಬಾ ಮಗಳೇ," ಎಂದಳು ಗೋದಲೀವ. "ಕೊನೆಗೂ ನಮ್ಮ ನೆನಪಾಯ್ತಾ? ಎಲ್ಲಿ, ತೋರಿಸು ಬ್ರಾಮ್ ಮಗನ್ನ."

"ಒಂದ್ನಿಮಿಷ ತಾಂತೆ, ಮೊದಲು ಬಾಟಲಿ ತಗೊಂಡ್ಬಿಡ್ತೀನಿ."

ಕಪಾಟಿನ ಕೆಳಗಿನ ಸಾಲಿನಲ್ಲಿ ಹಸಿರು ಬಾಟಲಿಗಳು ಮಲಗಿದ್ದವು. ಚೀಟಿ ಇಲ್ಲ, ಹೆಸರಿಲ್ಲ. ಪ್ರತಿಯೊಂದರ ಮೇಲ್ಮಗ್ಗುಲಲ್ಲಿ ಸುಣ್ಣದ ಒಂದು ಬಿಳಿ ಗೆರೆ, ಅಷ್ಟೇ. ವೇರ್ಲೆ ಒಂದನ್ನು ಎಳೆದು, ಬೆಳಕಿಗೆ ಹಿಡಿದು, ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿ, ಬುಡದಲ್ಲಿ ಕಸ ಕಂಡಂತಾಗಿ ಒಮ್ಮೆ ಅಲ್ಲಾಡಿಸಿ, ತಳ್ಳುಗಾಡಿಯ ಬಲೆಚೀಲದಲ್ಲಿ ನೆಟ್ಟಗೆ ನಿಲ್ಲಿಸಿದಳು.

"ಅಯ್ಯೋ ನಿಲ್ಲಿಸಿಬಿಟ್ಳು!" ಎಂದು ನೆಸ್ತೊರ್ ತಲೆ ಮೇಲೆ ಕೈಹೊತ್ತ.

"ಅಲ್ಲಾಡಿಸಿದ್ಳು ಕಣೋ! ನಾನು ಕಣ್ಣಾರೆ ಕಂಡೆ," ಎಂದಳು ಮರಿಯೆತ್.

ಗೋದಲೀವ ಚಾಕು ಕೆಳಗಿಟ್ಟು ಬಂದು, ತೊಟ್ಟಿಲಿಂದ ಕೂಸನ್ನು ಎತ್ತುವ ಹಾಗೆ ಬಾಟಲಿ ಎತ್ತಿಕೊಂಡಳು. "ನೀನೇನು ಕೆಮ್ಮಿನ ಔಷಧಿ ಅಂದ್ಕೊಂಡ್ಯಾ? ಮೂರು ವರ್ಷ ಒಂದೇ ಮಗ್ಗುಲಲ್ಲಿ ಮಲಗಿದ್ದ ಜೀವ ಇದು. ಗೆರೆ ಮೇಲಿರಬೇಕು, ಅಂಗಡೀಲೂ, ದಾರೀಲೂ, ಮೇಜಿನ ಮೇಲೂ. ಗಸಿ ಎದ್ಬಿಡ್ತಲ್ಲ!"

ವೇರ್ಲೆಯ ಮುಖ ಕೆಂಪಾಯಿತು. ಕಣ್ಣಲ್ಲಿ ನೀರೂ ಬಂದುಬಿಟ್ಟಿತು. "ಕ್ಷಮಿಸಿ ತಾಂತೆ. ಮಗೂನ ದಿನಕ್ಕೊಂದು ಮಗ್ಗುಲಿಗೆ ತಿರುಗಿಸ್ಬೇಕು ಅಂತಿದೆ ಪುಸ್ತಕದಲ್ಲಿ. ಇದನ್ನ ತಿರುಗಿಸ್ಬಾರದು ಅಂತ ಯಾವ ಪುಸ್ತಕದಲ್ಲೂ ಇರ್ಲಿಲ್ಲ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೋದಲೀವಳ ದನಿ ಮೆತ್ತಗಾಯಿತು. "ಅಳೋಕೇನಾಯ್ತು ಹುಚ್ಚಿ? ಹುಟ್ಟುಹಬ್ಬಕ್ಕೆ ಬೇರೆ ಕೊಡ್ತೀನಿ. ಎದ್ದವನನ್ನ ಮತ್ತೆ ಮಲಗಿಸೋಕಾಗಲ್ಲ, ಇವನನ್ನ ಇಲ್ಲೇ ಮುಗಿಸೋಣ. ಕೂತ್ಕೋ. ನೀನು ಹಾಲು ಕುಡಿಸೋಳು, ನಿನಗೆ ಸೇಬಿನ ರಸ."

ಕೂರದೆ ಗತಿಯಿರಲಿಲ್ಲ. ಮೆತ್ತನೆಯ ಹಸಿ ಚೀಸು ದಪ್ಪಗೆ ಸವರಿ, ಮೂಲಂಗಿ ಬಿಲ್ಲೆ ಹರಡಿದ ಬ್ರೆಡ್ಡು ಎದುರಿಗೆ ಬಂತು. ಕಾಸ್ಪರನನ್ನು ತೊಡೆಯ ಮೇಲೆ, ಮೇಜಿನ ಕಡೆ ಮುಖ ಮಾಡಿಸಿ ಕೂರಿಸಿಕೊಂಡಳು. ಅವನು ಹುಬ್ಬು ಗಂಟಿಕ್ಕಿ, ಕೆಳದುಟಿ ಮುಂದೆ ಮಾಡಿ ಮೂವರನ್ನೂ ಒಬ್ಬೊಬ್ಬರಾಗಿ ಪರೀಕ್ಷಿಸಿದ.

"ನೋಟರಿ ಸಾಹೇಬ್ರು ಬಂದ್ರು!" ಎಂದ ನೆಸ್ತೊರ್. "ಆಸ್ತಿ ಪತ್ರ ತೆಗೀರಪ್ಪ, ಸಹಿ ಹಾಕೋಣ."

"ನಗಲ್ಲವಾ?" ಎಂದಳು ಮರಿಯೆತ್.

ಆ ಪ್ರಶ್ನೆ ಇಲ್ಲಿಗೂ ಬಂತು. ವೇರ್ಲೆ ತಟ್ಟೆಯ ಕಡೆ ನೋಡುತ್ತ, "ಇನ್ನೂ ಇಲ್ಲ," ಎಂದಳು. ಆಮೇಲೆ ಯಾಕೋ ಎಲ್ಲವೂ ಹೊರಬಂತು, ಪುಸ್ತಕ, ಅಮ್ಮನ ನಿಟ್ಟುಸಿರು, ಎತ್ತದ ಫೋನು. "ಒಂದು ಸಲ ನಕ್ಕರೆ ಅಮ್ಮನಿಗೆ ಫೋನ್ ಮಾಡ್ತೀನಿ. ಅಲ್ಲೀತನಕ ನನ್ನ ಕೈಲಾಗಲ್ಲ."

ಇಂಥ ಸವಾಲನ್ನು ಅವರು ಬಿಡುವವರಲ್ಲ. ನೆಸ್ತೊರ್ ಕೆನ್ನೆ ಉಬ್ಬಿಸಿ ಗಂಡು ಪಾರಿವಾಳದಂತೆ ಗುಟುರು ಹಾಕಿದ, ಕತ್ತು ಕೊಂಕಿಸಿ ಮೇಜಿನ ಸುತ್ತ ಒಂದು ಸುತ್ತು ಬಂದ. ಸಾಹೇಬರು ಕದಲಲಿಲ್ಲ. ಕಟ್ಟಿಸಿದ ಹಲ್ಲು ಹೊರತೆಗೆದು ಕಟಕಟ ಆಡಿಸಿದ. ಸಾಹೇಬರು ಆಕಳಿಸಿದರು.

"ಅದನ್ನ ಮೊದಲು ಬಾಯಿಗೆ ಹಾಕ್ಕೋ, ನನಗೇ ಅಳು ಬರ್ತಿದೆ," ಎಂದು ಮರಿಯೆತ್, ಕಾಗದ ಹಂಚುವಾಗ ನಾಯಿಗಳನ್ನು ಓಡಿಸುತ್ತಿದ್ದ ಸಿಳ್ಳೆ ಹೊಡೆದಳು. ಬೀದಿಯಲ್ಲೆಲ್ಲೋ ಒಂದು ನಾಯಿ ಬೊಗಳಿತು, ಕಾಸ್ಪರ್ ಮಾತ್ರ ನಗಲಿಲ್ಲ.

"ಸಾಕು ಬಿಡ್ರೋ, ಕುಡಿಯೋಣ," ಎಂದು ಗೋದಲೀವ ಬೆತ್ತದ ಬುಟ್ಟಿಯಲ್ಲಿ ಬಾಟಲಿ ಮಲಗಿಸಿ, ಬಾಯನ್ನು ಗೋಡೆಗೆ ತಿರುಗಿಸಿ, ಬಿರಡೆಗೆ ತಿರುಪು ಚುಚ್ಚಿ ಎಳೆದಳು. ಅಲ್ಲಾಡಿಸಿದ ಬಾಟಲಿ. ಢಮ್! ಬಿರಡೆಯ ಹಿಂದೆಯೇ ನೊರೆ ಚಿಲುಮೆಯಂತೆ ಎದ್ದು ಗೋದಲೀವಳ ಕನ್ನಡಕ ತೊಯ್ಯಿಸಿತು. ವೇರ್ಲೆ "ಅವ್ವಾ!" ಎಂದು ಮಗುವಿನ ಸಮೇತ ಕುರ್ಚಿಯಿಂದ ಗೇಣುದ್ದ ಹಾರಿದಳು.

ಆಗ ಆ ಸದ್ದು ಬಂತು. ಮೊದಲು ಬಿಕ್ಕಳಿಕೆಯಂತೆ ಒಂದು, ಆಮೇಲೆ ಎರಡು, ಆಮೇಲೆ ತಡೆಯಲಾರದೆ ಕಿಲಕಿಲ ಕಿಲಕಿಲ.

"ಕೆಮ್ಮಾ?" ಎಂದಳು ವೇರ್ಲೆ.

"ಕೆಮ್ಮಂತೆ! ನಗು ಕಣೇ ಮಾರಾಯ್ತಿ, ನಗು!" ಎಂದು ಗೋದಲೀವ ಮುಖದಿಂದ ನೊರೆ ಸುರಿಸುತ್ತಲೇ ಕುಣಿದಳು.

ನೆಸ್ತೊರ್ ಎದ್ದು ನಿಂತ. "ಇನ್ನೊಂದು ತೆಗಿ. ನನ್ನ ಲೆಕ್ಕ." ನೊರೆ ಸಿಡಿದು ತೋಳೆಲ್ಲ ಒದ್ದೆಯಾಗಿದ್ದ ವೇರ್ಲೆ ಮಗುವನ್ನು ಮರಿಯೆತ್‌ಳ ಕೈಗೆ ಕೊಟ್ಟು ಒರೆಸಿಕೊಳ್ಳಲು ಹಿಂದಿನ ಕೋಣೆಗೆ ಹೋದಳು. ಎರಡನೆಯ ಬಿರಡೆ ಢಮ್ ಎಂದದ್ದು ಅವಳಿಗೆ ಅಲ್ಲಿಗೇ ಕೇಳಿಸಿತು. ಆದರೆ ಅದರ ಹಿಂದೆ ನಗು ಕೇಳಿಸಲಿಲ್ಲ. ಓಡಿಬಂದರೆ ಸಾಹೇಬರು ಮತ್ತೆ ಹುಬ್ಬು ಗಂಟಿಕ್ಕಿ ಕೂತಿದ್ದರು.

"ನೋಡಿದ್ರಾ? ಅದು ಆಕಸ್ಮಿಕ," ಎಂದಳು. "ನಗು ಆಗಿರ್ಲಿಕ್ಕಿಲ್ಲ."

"ಮೂರನೇದು ತೆಗಿ ಗೋದಲೀವ," ಎಂದಳು ಮರಿಯೆತ್. "ಇದು ನನ್ನ ಲೆಕ್ಕ. ನೀನು ಇಲ್ಲೇ ಎದುರಿಗೆ ಕೂತ್ಕೋ ಮಗಳೇ."

ಢಮ್! ಗೊತ್ತಿದ್ದೂ ವೇರ್ಲೆ ಬೆಚ್ಚಿ ಹಾರಿದಳು. ಕಾಸ್ಪರ್ ಕೈಕಾಲು ಬಡಿದು ನಕ್ಕ, ಉಸಿರು ಸಿಕ್ಕಿಕೊಳ್ಳುವಷ್ಟು ನಕ್ಕ. ಆದರೆ ಈ ಸಲ ಎಲ್ಲರೂ ಅವನ ಕಣ್ಣನ್ನೇ ನೋಡುತ್ತಿದ್ದರು, ಆ ಕಣ್ಣು ಬಾಟಲಿಯ ಕಡೆ ಇರಲೇ ಇಲ್ಲ.

"ಬಿರಡೆ ಅಲ್ಲ!" ಎಂದು ನೆಸ್ತೊರ್ ತೊಡೆ ತಟ್ಟಿದ. "ಅಮ್ಮ ಹಾರೋದು ಅವನಿಗೆ ತಮಾಷೆ! ಇಷ್ಟು ದಿನ ನೀನು ಮುಖ ಬಿಗಿ ಹಿಡ್ಕೊಂಡು ಅವನ ಮುಂದೆ ಕೂತಿದ್ರೆ ಪಾಪ ಅವನೇನು ಮಾಡ್ತಾನೆ? ನೀನು ನೋಟರಿ ಥರ ನೋಡಿದ್ರೆ ಅವನೂ ನೋಟರಿ."

"ಸುಮ್ನಿರೋ ಹಲ್ಲಿಲ್ಲದವನೇ," ಎಂದು ಗೋದಲೀವ ಗದರಿದಳು. "ಮೂರೇ ಬಾಟಲಿಗೆ ಕಂಡುಹಿಡಿದ್ಯಲ್ಲ, ಮೂವತ್ತಾಗೋವರೆಗಾದ್ರೂ ಕಾಯಬಾರದಿತ್ತಾ? ನನ್ನ ವ್ಯಾಪಾರ ಕೆಡಿಸಿದೆ."

ವೇರ್ಲೆ ಮಗನ ಮುಖ ನೋಡಿದಳು. ಮಗ ಅವಳ ಮುಖವನ್ನೇ ನೋಡುತ್ತಿದ್ದ, ಬಾಯಿ ಅರೆತೆರೆದು, ಮುಂದೇನು ಮಾಡುತ್ತೀಯ ಎಂದು ಕಾಯುವವನ ಹಾಗೆ.

"ಈಗ ಮಾತಿನಂತೆ ನಡ್ಕೋ," ಎಂದಳು ಮರಿಯೆತ್. "ಫೋನ್."

"ಫೋನಲ್ಲಿ ನಗದೇ ಇದ್ರೆ? ಅಮ್ಮ ನಂಬೋದಿಲ್ಲ."

"ನೀನು ಫೋನ್ ಹಚ್ಚು. ನಿನ್ನನ್ನ ಹೆದರಿಸೋದು ನಮಗೆ ಬಿಡು," ಎಂದು ಗೋದಲೀವ ನಾಲ್ಕನೆಯ ಬಾಟಲಿಯನ್ನು ಬುಟ್ಟಿಯಲ್ಲಿ ಮಲಗಿಸಿ, ಗೆರೆ ಮೇಲಿದೆಯೇ ಎಂದು ನೋಡಿ, ತಿರುಪು ಚುಚ್ಚಿ ಸಿದ್ಧಳಾಗಿ ನಿಂತಳು. ನೆಸ್ತೊರ್ ಹಲ್ಲಿಗೆ ಕೈ ಹಾಕಿದ.

ವೇರ್ಲೆ ಮಗುವನ್ನು ತೊಡೆಯ ಮೇಲೆ ತನ್ನತ್ತ ಮುಖ ಮಾಡಿಸಿ ಕೂರಿಸಿಕೊಂಡು, ಫೋನನ್ನು ಮೇಜಿನ ಮೇಲಿಟ್ಟು, ದನಿ ಎಲ್ಲರಿಗೂ ಕೇಳುವಂತೆ ಮಾಡಿ, ಹೆಸರನ್ನು ಒತ್ತಿದಳು. ಒಂದೇ ರಿಂಗಿಗೆ ಹಿಲ್ದ ಎತ್ತಿದರು.

"ವೇರ್ಲೆ? ಅವ್ವಾ! ಏನಾಯ್ತೇ? ಮಗು ಹುಷಾರಾ? ನೀನು ಹುಷಾರಾ? ಆಸ್ಪತ್ರೇಲಿದ್ದೀಯಾ? ಬ್ಯಾಗ್ ಎಲ್ಲಿ, ನನ್ನ ಬ್ಯಾಗ್ ಎಲ್ಲಿ—" ಆ ಕಡೆ ಏನೋ ಕೆಳಗೆ ಬಿದ್ದು ದಡದಡ ಉರುಳಿತು.

ಅದೇ "ಅವ್ವಾ", ಅದೇ ನೆಗೆತ. ಅಷ್ಟು ದೂರದಲ್ಲಿ ಔಷಧದಂಗಡಿಯ ಮೇಜಿನ ಹಿಂದೆ ಅಮ್ಮ ಗೇಣುದ್ದ ಹಾರಿದ್ದು ವೇರ್ಲೆಯ ಕಣ್ಣಿಗೆ ಕಟ್ಟಿತು. ಅವಳಿಗೆ ನಗು ಬಂತು. ಬಾಯಿ ಮುಚ್ಚಿದಳು, ಆಗಲಿಲ್ಲ. ಮೇಜು ಹಿಡಿದು, ಕಣ್ಣಲ್ಲಿ ನೀರು ಸುರಿಸಿ, ಹೊಟ್ಟೆ ನೋಯುವಷ್ಟು ನಕ್ಕಳು. ಆ ಮುಖವನ್ನು ಒಂದು ಕ್ಷಣ ಬೆರಗಾಗಿ ನೋಡಿದ ಕಾಸ್ಪರ್ ತಾನೂ ಶುರುಮಾಡಿದ.

ಗೋದಲೀವ ಬಿರಡೆಯಿಂದ ಮೆಲ್ಲಗೆ ಕೈ ತೆಗೆದಳು.

"ಯಾರದು ನಗ್ತಿರೋದು?" ಎಂದರು ಹಿಲ್ದ ಆ ಕಡೆಯಿಂದ. "ವೇರ್ಲೆ, ಹೇಳೇ. ಇಬ್ಬರ ದನಿ ಕೇಳಿಸ್ತಿದೆಯಲ್ಲ. ಯಾರದು?"

"ಫೋನ್ ಇಡಬೇಡಮ್ಮ," ಎಂದಳು ವೇರ್ಲೆ, ಉಸಿರು ಎಳೆದುಕೊಳ್ಳುತ್ತ. "ಕೇಳ್ತಾ ಇರು."