ಚರಗ ನಿಂತ ಜಾಗ

ಎಳ್ಳ ಅಮಾವಾಸ್ಯೆಯ ದಿನ ನಮ್ಮ ಕಡೆ ಮನೆಗಳಲ್ಲಿ ಬೆಕ್ಕೂ ಉಳಿಯುವುದಿಲ್ಲ. ಸೊಪ್ಪು-ಕಾಳು ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ಪೂಜೆಯಾದ ಮೇಲೆ ಅಡುಗೆಯಲ್ಲಿ ಒಂದಿಷ್ಟನ್ನು ಕಲಸಿ, ಗಟ್ಟಿಯಾಗಿ ಕೂಗುತ್ತ, ಹೊಲದ ಅಂಚಿನುದ್ದಕ್ಕೂ ಎರಚುತ್ತ ಒಂದು ಸುತ್ತು ಬರುತ್ತೇವೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಭೂಮಿತಾಯಿಗೆ ಉಣಿಸುವ ಶಾಸ್ತ್ರವದು. ನಮ್ಮ ಮನೆಯಲ್ಲಿ ಚರಗ ಚೆಲ್ಲುವವರು ದೊಡ್ಡಪ್ಪ. ಬುಟ್ಟಿ ಹಿಡಿದು ಜೊತೆಗೆ ನಡೆಯುವವಳು ದೊಡ್ಡವ್ವ.

ಬಸವಕಲ್ಯಾಣಕ್ಕೂ ಹುಮನಾಬಾದಿಗೂ ನಡುವಿನ ಊರು ನಮ್ಮದು. ನಮ್ಮ ಹೊಲ ಕೆರೆಯ ಪಕ್ಕಕ್ಕಿದೆ. ಹಿಂದೆ ಅದರ ಒಂದು ತುಂಡು ಕೆರೆಯೊಳಗೇ ಇತ್ತು. ಹರೆಯದಲ್ಲಿ ದೊಡ್ಡಪ್ಪ ನೀರು ಹಿಂದೆ ಸರಿದಲ್ಲೆಲ್ಲ ಕಲ್ಲು ಆರಿಸಿ ಕಡಲೆ ಬಿತ್ತಿದ್ದರು. ಅವರನ್ನು ನೋಡಿ ಅಕ್ಕಪಕ್ಕದವರೂ ಬಿತ್ತಿದರು. ಬೆಳೆ ಮುಳುಗಬಾರದೆಂದು ಎಲ್ಲರೂ ಸೇರಿ ಕೋಡಿಯ ಕಲ್ಲು ಕಿತ್ತರು. ಅಲ್ಲಿಂದ ಮುಂದೆ ಮಳೆಯ ನೀರು ಚಹಾಕ್ಕೂ ನಿಲ್ಲದ ನೆಂಟರಂತೆ ಬಂದು ಹೋಗುತ್ತಿತ್ತು. ಬೇಸಿಗೆಯಲ್ಲಿ ಬಾವಿ ಬತ್ತಿದಾಗ ಮಾತ್ರ ಊರೆಲ್ಲ ಸೇರಿ ಮಳೆಯನ್ನು ಬೈಯುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಸರ್ಕಾರದ ಕೆರೆ ಯೋಜನೆ ಬಂತು. ನಾನಾಗ ಬಸ್ಸಿನಲ್ಲಿ ಬಸವಕಲ್ಯಾಣದ ಕಾಲೇಜಿಗೆ ಹೋಗಿ ಬರುತ್ತಿದ್ದೆ. ಆ ಯೋಜನೆಯ ನಿಯಮಗಳು ನನಗೆ ಇಂದಿಗೂ ಮೆಚ್ಚುಗೆ. ಊರವರೇ ಸಂಘ ಕಟ್ಟಬೇಕು, ಒತ್ತುವರಿಯನ್ನು ತಾವಾಗಿ ಬಿಡಬೇಕು, ಆಮೇಲೆಯೇ ಹೂಳೆತ್ತುವುದು, ಕೋಡಿ ಕಟ್ಟುವುದು. ಹುಲ್ಲು, ಜೊಂಡು ಬೆಳೆಯುವ ತೆಳುನೀರಿನ ಅಂಚನ್ನು ಅಗೆಯಬಾರದು. ಮೀನು ಮರಿ ಮಾಡುವುದು, ಹಕ್ಕಿ ಗೂಡು ಕಟ್ಟುವುದು ಅಲ್ಲೇ. ಇಷ್ಟು ಬುದ್ಧಿವಂತಿಕೆ ಸರ್ಕಾರಿ ಕಾಗದದಲ್ಲಿ ಇರಬಹುದೆಂದು ನಾನು ಅಂದುಕೊಂಡಿರಲಿಲ್ಲ.

ಸಂಘಕ್ಕೆ ಗಂಡಸರೆಲ್ಲ ಸೇರಿ ದೊಡ್ಡವ್ವನನ್ನು ಅಧ್ಯಕ್ಷೆ ಮಾಡಿದರು. ದೊಡ್ಡ ಒತ್ತುವರಿ ಅವಳ ಮನೆಯದೇ, ಆದ್ದರಿಂದ ಬಾಯಿ ಬಿಡಲಾರಳು ಎಂಬುದು ಅವರ ಲೆಕ್ಕಾಚಾರ. ದೊಡ್ಡವ್ವನ ಬಾಯಿಯ ಪರಿಚಯವಿದ್ದ ನಾನು ಒಳಗೊಳಗೇ ನಕ್ಕೆ.

ಸಭೆಯ ಮೇಲೆ ಸಭೆ ನಡೆದವು. "ಮೊದ್ಲ ನಿಮ್ಮ ಮನೀದು ಬಿಡ್ರಿ, ಆಮ್ಯಾಲ ನಮ್ಮದು" ಎಂದು ಎಲ್ಲರದೂ ಒಂದೇ ಮಾತು. ಯಾರೂ ಬಿಡದಿದ್ದರೆ ಯೋಜನೆ ಬೇರೆ ಊರಿಗೆ ಹೋಗುತ್ತದೆ ಎಂದು ಅಧಿಕಾರಿ ಹೇಳಿ ಹೋದರು. ಮನೆಯಲ್ಲಿ ಆ ಮಾತು ಬಂದಾಗಲೆಲ್ಲ ದೊಡ್ಡಪ್ಪ ಎತ್ತಿಗೆ ನೀರು ಕುಡಿಸಲು ಎದ್ದು ಹೋಗುತ್ತಿದ್ದರು. ಅಷ್ಟು ನೀರು ಯಾವ ಎತ್ತೂ ಕುಡಿದಿರಲಾರದು.

ಅಷ್ಟರಲ್ಲಿ ಎಳ್ಳ ಅಮಾವಾಸ್ಯೆ ಬಂತು. ದೊಡ್ಡಪ್ಪ ಚರಗ ಚೆಲ್ಲುತ್ತ ಮುಂದೆ, ನಾವು ಕೂಗುತ್ತ ಹಿಂದೆ. ಕೆರೆಯ ಹಳೆಯ ಅಂಚಿನಲ್ಲಿ ಒಂದು ಜಾಲಿಮರವಿದೆ. ಅಲ್ಲಿ ದೊಡ್ಡವ್ವ ನಿಂತುಬಿಟ್ಟಳು.

"ಯಾಕ ನಿಂತಿ? ನಡಿ" ಎಂದರು ದೊಡ್ಡಪ್ಪ.

"ನಮ್ಮ ಹೊಲ ಇಲ್ಲಿಗಿ ಮುಗೀತ್ರಿ."

"ಕಡ್ಲಿ ಹ್ಯಾಂಗ ನಿಂತದ ನೋಡು. ಇದ್ರಾಗಿನ ಒಂದೊಂದು ಕಲ್ಲೂ ನಾ ಆರಿಸೀನಿ."

"ಹೌದ್ರಿ, ನೀವೇ ಆರಿಸೀರಿ. ಖರೆ, ನೆಲ ಕೆರೀದು. ನಮ್ದಲ್ಲದ ನೆಲಕ್ಕ ಚರಗ ಚೆಲ್ಲಿದ್ರ ಭೂಮಿತಾಯಿ ಉಣ್ತಾಳೇನು? ನಿಂತ ಕಡ್ಲಿ ಕಿತ್ಕೊಳ್ಳೋಣು. ಮುಂದ ಬಿತ್ತೋದು ಬ್ಯಾಡ."

ಅಕ್ಕಪಕ್ಕದ ಹೊಲಗಳಲ್ಲಿ ಕೂಗು ನಿಂತಿತ್ತು. ಎಲ್ಲರೂ ನಮ್ಮ ಕಡೆಗೇ ನೋಡುತ್ತಿದ್ದರು. ದೊಡ್ಡಪ್ಪ ಆ ಹಸಿರು ಕಡಲೆಯನ್ನು ಬಹಳ ಹೊತ್ತು ನೋಡಿದರು. ಕೊನೆಗೆ ಕೆರೆಯೊಳಗೆ ಇಳಿಯದೆ ಜಾಲಿಮರದಿಂದಲೇ ಸುತ್ತು ತಿರುಗಿಸಿದರು. ಅದನ್ನು ಕಂಡ ಮೇಲೆ ಅವತ್ತು ಯಾರ ಮನೆಯ ಚರಗವೂ ಕೆರೆಯೊಳಗೆ ಇಳಿಯಲಿಲ್ಲ.

ಹೂಳೆತ್ತಿದರು, ಕೋಡಿ ಕಟ್ಟಿದರು, ಕೆರೆ ತುಂಬಿತು. ಊರಿಗೆ ಊರೇ ನೀರು ನೋಡಲು ಹೋದರೂ ದೊಡ್ಡಪ್ಪ ಮಳೆಗಾಲವಿಡೀ ಆ ಕಡೆ ತಲೆ ಹಾಕಲಿಲ್ಲ. ದೊಡ್ಡವ್ವನೂ ಒತ್ತಾಯಿಸಲಿಲ್ಲ. ಗೆದ್ದವರು ಸುಮ್ಮನಿರುವುದನ್ನು ನಾನು ಕಲಿತದ್ದು ಅವಳಿಂದಲೇ.

ಮತ್ತೆ ಎಳ್ಳ ಅಮಾವಾಸ್ಯೆ ಬಂತು. ಚರಗ ಚೆಲ್ಲುತ್ತ ಜಾಲಿಮರದ ಹತ್ತಿರ ಬಂದಾಗ ಈ ಸಲ ದೊಡ್ಡಪ್ಪ ತಾವೇ ನಿಂತರು. ಕಡಲೆ ಇದ್ದಲ್ಲಿ ತೆಳ್ಳಗೆ ನೀರು ನಿಂತಿತ್ತು. ನೀರ ತುಂಬ ಬಾತುಗಳು, ಕೊಕ್ಕರೆಗಳು. ಅವರ ಬೆನ್ನ ಹಿಂದೆ ನಾವು ಗಂಟಲು ಹರಿಯುವಂತೆ ಕೂಗುತ್ತಿದ್ದೆವು. ಕೂಗದೆ ಚರಗ ಚೆಲ್ಲಿದರೆ ಸಿಟ್ಟಾಗುತ್ತಿದ್ದ ದೊಡ್ಡಪ್ಪ ನಮ್ಮ ಕಡೆ ತಿರುಗಿ ಕೈ ಎತ್ತಿದರು.

"ಬಾಯಿ ಮುಚ್ರಿ. ಹಕ್ಕಿ ಎದ್ದು ಹೋಗ್ತಾವ."